ಪರವಾಗಿಲ್ಲ ಎಂದರೆ ಸಿ

ಲೆಕ್ಕದ ಟೀಚರು ಉತ್ತರಪತ್ರಿಕೆ ತಿದ್ದುವುದನ್ನು ಮೊದಲ ಸಲ ನೋಡಿದವರಿಗೆ, ಇವರಿಗೆ ಈ ಕೆಲಸ ಬರುವುದಿಲ್ಲವೇನೋ ಅನ್ನಿಸುತ್ತದೆ. ಸಿಬ್ಬಂದಿ ಕೋಣೆಯ ಉಳಿದವರು ಒಂದು ಪತ್ರಿಕೆ ಎತ್ತಿಕೊಂಡು, ತಲೆಯಿಂದ ಕಾಲಿನವರೆಗೆ ಕೆಂಪು ಇಂಕು ಹರಿಸಿ, ಮೊತ್ತ ಕೂಡಿಸಿ, ಪಕ್ಕಕ್ಕೆ ಎಸೆದು ಇನ್ನೊಂದಕ್ಕೆ ಕೈಹಾಕುತ್ತಾರೆ. ಇವರು ಇಡೀ ತರಗತಿಯ ಮೊದಲ ಪ್ರಶ್ನೆಯನ್ನಷ್ಟೇ ನೋಡಿ ಮುಗಿಸುತ್ತಾರೆ. ಕಟ್ಟು ತಿರುವಿ ಹಾಕಿ ಮತ್ತೆ ಮೊದಲಿಂದ ಎರಡನೆಯ ಪ್ರಶ್ನೆ. ಹೆಸರಿರುವ ಮೂಲೆಯನ್ನು ಮೊದಲೇ ಮಡಿಚಿಟ್ಟಿರುತ್ತಾರೆ. ಬೆಳಗ್ಗೆ ಎದುರುತ್ತರ ಕೊಟ್ಟ ಹುಡುಗನ ಪತ್ರಿಕೆ ಯಾವುದು, ನಗುನಗುತ್ತಾ ನಮಸ್ಕಾರ ಹೇಳಿದವಳದು ಯಾವುದು ಎಂಬುದು ಕೈಗೆ ಗೊತ್ತಾಗಬಾರದಂತೆ. ಕೈಗೆ ಎಂದೇ ಅವರು ಹೇಳುವುದು. ತಲೆ ನ್ಯಾಯವಾಗಿದ್ದಾಗಲೂ ಕೈ ಪಕ್ಷಪಾತ ಮಾಡಿಬಿಡುತ್ತದೆ ಎಂಬುದು ಅವರ ಅನುಭವ.

ಹಿಡಿಯುವುದು ಪೆನ್ಸಿಲ್ಲು. ತಪ್ಪಿಗೆ ಅಡ್ಡಗೀಟು ಎಳೆಯುವುದಿಲ್ಲ. ಮಗು ಮೊದಲು ಎಡವಿದ್ದು ಎಲ್ಲಿ ಎಂದು ಹುಡುಕಿ ಅಲ್ಲೊಂದು ಚುಕ್ಕಿ ಇಡುತ್ತಾರೆ. ಒಬ್ಬ ಹುಡುಗ ನಾಲ್ಕೂವರೆ ಮೀಟರನ್ನು 4.2 ಎಂದು ಬರೆದ ಅನ್ನಿ. ಅರ್ಧ ಎಂದರೆ ಎರಡರಲ್ಲಿ ಒಂದು. ಆ ಎರಡು ಎದ್ದು ಬಂದು ದಶಮಾಂಶದ ಪಕ್ಕ ಕೂತಿದೆ. ಅಲ್ಲಿಂದ ಮುಂದೆ ಅದನ್ನು ಮೂರರಿಂದ ಗುಣಿಸಿ 12.6 ಎಂದು ಬರೆದಿದ್ದರೆ, ಗುಣಾಕಾರ ಸರಿಯೇ ತಾನೆ? 4.2ರ ಕೆಳಗೆ ಚುಕ್ಕಿ, ಮುಂದಿನ ಕೆಲಸಕ್ಕೆ ಅಂಕ. ಉತ್ತರ ತಪ್ಪಾದರೆ ದೊಡ್ಡ ಸೊನ್ನೆ ಸುತ್ತುವ ಸಹೋದ್ಯೋಗಿಗಳಿಗೆ ಇದು ಅತಿ ಧಾರಾಳವಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ ಆ ಸಹೋದ್ಯೋಗಿಗಳದು ಬರೀ ಸೋಮಾರಿತನ. ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡು ನೆಮ್ಮದಿಯಾಗಿದ್ದಾರೆ.

ಇನ್ನು ನಿಜಕ್ಕೂ ಮನಸ್ಸಿಗೆ ಹಿಡಿಸಿದ ಕೆಲಸ ಕಂಡರೆ ಟೀಚರು ಅಂಚಿನಲ್ಲಿ ಒಂದೇ ಒಂದು ಪದ ಬರೆಯುತ್ತಿದ್ದರು: ಪರವಾಗಿಲ್ಲ.

ಆ ಪದ ಅವರ ಅಪ್ಪನದು. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಏಣಿಯಿಂದ ಇಳಿದು, ರಸ್ತೆ ದಾಟಿ, ಆ ಕಡೆಯ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ಕಣ್ಣು ಮುಚ್ಚಿ ಅಕ್ಷರಗಳನ್ನು ನೋಡಿ ‘ಪರವಾಗಿಲ್ಲ’ ಅಂದರೆಂದರೆ ಆ ಬೋರ್ಡಿಗೆ ಇನ್ನು ಕುಂಚ ತಾಗಿಸುವ ಹಾಗಿಲ್ಲ. ಅದಕ್ಕಿಂತ ಮೇಲಿನ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಲಿಲ್ಲ. ‘ಚೆನ್ನಾಗಿದೆ’ ಅನ್ನುವುದನ್ನು ಅವರು ಗಿರಾಕಿಯ ಹಳೆಯ ಬೋರ್ಡಿಗೆ ಹೇಳುತ್ತಿದ್ದರು, ಪಾಪ, ನೊಂದುಕೊಳ್ಳದಿರಲಿ ಎಂದು. ಮಗಳು ಅದನ್ನೂ ಕಲಿತಿದ್ದರು. ಹೆಣಗಾಡುವ ಮಕ್ಕಳಿಗೆ ಅವರು ಉದ್ದುದ್ದ ಬರೆಯುತ್ತಿದ್ದರು, ಎಲ್ಲದರಲ್ಲೂ ಒಂದು ‘ಚೆನ್ನಾಗಿ’ ಸೇರಿಸಿ. ತರಗತಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಉದ್ದ ಬರೆದಿದ್ದರೆ ಪತ್ರಿಕೆ ಚೀಲದ ತಳಕ್ಕೆ. ಒಂದೇ ಪದವಿದ್ದರೆ ಊರೆಲ್ಲ ಕಾಣುವ ಹಾಗೆ ಕೈಯಲ್ಲಿ ಹಿಡಿದು ಮನೆಗೆ.

ಹಾಗೆ ಕೈಯಲ್ಲಿ ಹಿಡಿದು ಹೋಗುತ್ತಿದ್ದವರಲ್ಲಿ ಏಳನೆಯ ತರಗತಿಯ ಒಬ್ಬಳಿದ್ದಳು. ಅಪ್ಪ ನಗರದ ಬಸ್ಸಿನ ಚಾಲಕ, ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ. ಏನು ಹೇಳಿದರೂ ‘ಯಾಕೆ’ ಅನ್ನುವುದರಿಂದ ಎಲ್ಲರಿಗೂ ಅವಳು ಯಾಕಮ್ಮ. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಎಂದಾಗ ಇಡೀ ತರಗತಿ ಬರೆದುಕೊಂಡಿತು, ಇವಳೊಬ್ಬಳು ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತಳು. ಟೀಚರು ಆವತ್ತು ಉಳಿದ ಪಾಠ ಬಿಟ್ಟು ಅದನ್ನೇ ಬಿಡಿಸಿ ಹೇಳಬೇಕಾಯಿತು. ಇಂಥವಳ ಕಣ್ಣು ಎಂಟನೆಯ ತರಗತಿಯ ಗಣಿತ ಕೂಟದ ಮೇಲಿತ್ತು. ಮಹಡಿಯ ಮೇಲಿನ ಉದ್ದ ಮೇಜಿನ ಕೋಣೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಕೂಟ ಸೇರುತ್ತದೆ. ಪಠ್ಯದಲ್ಲಿಲ್ಲದ ಲೆಕ್ಕ ಕೊಡುತ್ತಾರೆ, ರಟ್ಟು ಕತ್ತರಿಸಿ ಆಕಾರ ಕಟ್ಟಿಸುತ್ತಾರೆ, ಉತ್ತರ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದರ ಕಿಟಕಿಗೆ ಮೂಗು ಒತ್ತಿ ನಿಂತು ಯಾಕಮ್ಮ ಎಷ್ಟು ಸಲ ಬೈಸಿಕೊಂಡಿದ್ದಳೋ. ಕೂಟಕ್ಕೆ ಆಯ್ಕೆಯಾಗಬೇಕಾದರೆ ಏಳನೆಯ ತರಗತಿಯ ಗಣಿತದಲ್ಲಿ ಎ ಅಥವಾ ಬಿ ಇರಬೇಕು.

ಈಗ ಆ ಅಕ್ಷರಗಳ ವಿಷಯಕ್ಕೆ ಬರೋಣ, ನನ್ನ ರಕ್ತ ಕುದಿಯುವುದು ಅಲ್ಲೇ.

ಅಂಕಗಳಿಂದ ಮಕ್ಕಳಿಗೆ ಹಿಂಸೆಯಾಗುತ್ತದೆ ಎಂದು ಮೇಲಿನ ಕಚೇರಿಗೆ ಒಂದು ದಿನ ಜ್ಞಾನೋದಯವಾಯಿತು. ಸಂತೋಷ. ಇನ್ನು ಮುಂದೆ ಅಂಕ ಬೇಡ, ಪ್ರತಿ ಮಗುವಿನ ಬಗ್ಗೆ ಶಿಕ್ಷಕರು ತಮ್ಮದೇ ಮಾತಿನಲ್ಲಿ ಅಭಿಪ್ರಾಯ ಬರೆಯಲಿ ಎಂದು ಸುತ್ತೋಲೆ ಬಂತು. ಇನ್ನೂ ಸಂತೋಷ. ಇದನ್ನು ನೆಚ್ಚಿ ಟೀಚರು ತರಗತಿಯ ಪ್ರತಿಯೊಬ್ಬರ ಬಗ್ಗೆಯೂ ಬರೆದು ಕೊಟ್ಟರು. ಅವರಿಗೆ ಯಾರೂ ಹೇಳದೆ ಹೋದದ್ದು ಸುತ್ತೋಲೆಯ ಬಾಲ. ಶಿಕ್ಷಕರ ಮಾತನ್ನು ಯಾರೂ ಓದತಕ್ಕದ್ದಲ್ಲ. ಕಚೇರಿಯ ಗುಮಾಸ್ತ ಅದನ್ನು ಒಂದು ಕೋಷ್ಟಕಕ್ಕೆ ಹೋಲಿಸಿ ಕಂಪ್ಯೂಟರಿನಲ್ಲಿ ಅಕ್ಷರವಾಗಿ ಇಳಿಸತಕ್ಕದ್ದು. ಅತ್ಯುತ್ತಮ ಎಂದಿದ್ದರೆ ಎ. ಚೆನ್ನಾಗಿ ಎಂಬ ಮಾತು ಬಂದರೆ ಬಿ. ಪರವಾಗಿಲ್ಲ ಎಂದಿದ್ದರೆ ಸಿ. ಸುಧಾರಿಸಬೇಕು ಎಂದಿದ್ದರೆ ಡಿ. ಮಗುವನ್ನು ಸಂಖ್ಯೆಯಿಂದ ಬಿಡಿಸಿ ಅಕ್ಷರಕ್ಕೆ ಕಟ್ಟಿದರು. ಹಗ್ಗ ಬದಲಾಯಿತು ಅಷ್ಟೆ. ಆ ಕೋಷ್ಟಕ ಮಾಡಿದ ಪುಣ್ಯಾತ್ಮ ತನ್ನ ಜೀವಮಾನದಲ್ಲಿ ಒಂದು ಮಗುವಿನ ಲೆಕ್ಕ ತಿದ್ದಿದ್ದರೆ ನಾನು ಬರೆಯುವುದು ಬಿಡುತ್ತೇನೆ.

ಗುಮಾಸ್ತ ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥ ವ್ಯವಸ್ಥೆಯಲ್ಲಿ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಲೆಕ್ಕದ ಟೀಚರ ಹಾಳೆಗಳಲ್ಲಿ ‘ಪರವಾಗಿಲ್ಲ’ ಸಿಕ್ಕಿದಲ್ಲೆಲ್ಲ ಸಿ ಒತ್ತಿದ, ‘ಚೆನ್ನಾಗಿ’ ಸಿಕ್ಕಿದಲ್ಲೆಲ್ಲ ಬಿ ಒತ್ತಿದ. ಏಳನೆಯ ತರಗತಿ ಶೀರ್ಷಾಸನ ಹಾಕಿತು.

ಪ್ರಗತಿಪತ್ರಗಳು ಮುಚ್ಚಿದ ಲಕೋಟೆಯಲ್ಲಿ ನೇರವಾಗಿ ಮನೆಗಳಿಗೆ ಹೋದವು. ಹೀಗಾಗಿ ಟೀಚರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಇಷ್ಟೆ: ತರಗತಿಯಲ್ಲಿ ಯಾರೂ ‘ಯಾಕೆ’ ಅನ್ನುತ್ತಿಲ್ಲ. ಮೊದಲ ದಿನ ಹುಡುಗಿಗೆ ಹುಷಾರಿಲ್ಲ ಅಂದುಕೊಂಡರು. ಮಾರನೆಯ ದಿನ ಬೇಕೆಂದೇ ಒಂದು ಸೂತ್ರವನ್ನು ಕಾರಣ ಹೇಳದೆ ಬೋರ್ಡಿನ ಮೇಲೆ ಬರೆದು ಕಾದರು. ಯಾಕಮ್ಮ ತಲೆ ತಗ್ಗಿಸಿ ಅದನ್ನು ಹಾಗೇ ಇಳಿಸಿಕೊಂಡಳು. ಆ ತಲೆ ತಗ್ಗಿದ್ದನ್ನು ನೋಡಿ ಟೀಚರಿಗೆ ಸಂಕಟವಾಯಿತಂತೆ. ಕೇಳಿದರೆ ‘ಏನಿಲ್ಲ ಮೇಡಂ’ ಎಂಬ ಉತ್ತರ.

ಗುಟ್ಟು ಬಿಚ್ಚಿದವನು ನಿದ್ದೆ. ಕೊನೆಯ ಬೆಂಚಿನ ಈ ಹುಡುಗನ ಹೆಸರೇ ಅವನ ದಿನಚರಿಯನ್ನು ಹೇಳುತ್ತದೆ. ಊಟದ ಬಿಡುವಿನಲ್ಲಿ ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಅಷ್ಟು ಎಚ್ಚರವಾಗಿದ್ದದ್ದನ್ನು ಟೀಚರು ಹಿಂದೆಂದೂ ನೋಡಿರಲಿಲ್ಲ.

“ಮೇಡಂ, ನಾನೇನು ತಪ್ಪು ಮಾಡ್ದೆ?”

“ಯಾವಾಗ?”

“ಗಣಿತ ಕೂಟಕ್ಕೆ ಹಾಕಿಬಿಟ್ಟಿದ್ದೀರಲ್ಲ ನನ್ನನ್ನ. ಮನೇಲಿ ತಾತ ಸಿಕ್ಕಿದವರಿಗೆಲ್ಲ ಫೋನ್ ಮಾಡ್ತಿದ್ದಾರೆ. ನಮ್ಮತ್ತೆಗೆ ಮಾತ್ರ ಇನ್ನೂ ಹೇಳಿಲ್ಲ. ಅಷ್ಟರಲ್ಲಿ ತೆಗೆಸಿಬಿಡಿ ಮೇಡಂ.”

ಟೀಚರು ಅವನ ಬಗ್ಗೆ ಬರೆದದ್ದು, ‘ದಶಮಾಂಶದ ಜೊತೆ ಚೆನ್ನಾಗಿ ಗುದ್ದಾಡುತ್ತಿದ್ದಾನೆ, ಸದ್ಯಕ್ಕೆ ದಶಮಾಂಶದ ಕೈಯೇ ಮೇಲು’ ಎಂದು. ಅದಕ್ಕೆ ಬಿ ಬಂದಿತ್ತು. ಯಾರ್ಯಾರಿಗೆ ಏನೇನು ಬಂದಿದೆ ಎಂದು ಅವನನ್ನೇ ಕೇಳಿದರು. ಮಲಗುವವನಿಗೆ ತರಗತಿಯ ಸುದ್ದಿಯೆಲ್ಲ ಗೊತ್ತಿರುವುದು ವಿಚಿತ್ರ. ಯಾಕಮ್ಮನಿಗೆ ಸಿ, ಕೂಟಕ್ಕೆ ಇಲ್ಲ, ಅವರಪ್ಪ ಬೈಯಲಿಲ್ಲ, ಬರೀ ‘ಹೋಗ್ಲಿ ಬಿಡು’ ಅಂದರಂತೆ, ಅದಕ್ಕೇ ಅವಳು ಜಾಸ್ತಿ ಅತ್ತಳಂತೆ.

ಟೀಚರು ಬುತ್ತಿ ಮುಚ್ಚಿಟ್ಟು ಕಚೇರಿಗೆ ನಡೆದರು. ಗುಮಾಸ್ತ ಕೋಷ್ಟಕ ತೋರಿಸಿದ. ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದ.

“ಪರವಾಗಿಲ್ಲ ಅಂದ್ರೆ ತುಂಬಾ ಚೆನ್ನಾಗಿದೆ ಅಂತಪ್ಪ,” ಅಂದರು ಟೀಚರು.

“ಅದು ಯಾವ ಮನೇಲಿ ಮೇಡಂ? ನಮ್ಮನೇಲಿ ಅಡುಗೆ ಪರವಾಗಿಲ್ಲ ಅಂತ ಒಂದು ಸಲ ಅಂದಿದ್ದೆ. ಹೆಂಡ್ತಿ ತಟ್ಟೆ ಎತ್ಕೊಂಡು ಹೋಗಿಬಿಟ್ಟಳು.”

ಮುಖ್ಯೋಪಾಧ್ಯಾಯರು ಎಂದಿನಂತೆ ‘ನನ್ನ ಕೈಯಲ್ಲಿ ಏನಿದೆ ಹೇಳಿ’ ಅಂದರು. ಅವರ ಕೈಯಲ್ಲಿ ಯಾವಾಗಲೂ ಒಂದು ಟೀ ಲೋಟ ಇರುತ್ತದೆ. ಕೆಟ್ಟವರಲ್ಲ, ಹೆದರುವವರು. ತಿದ್ದುಪಡಿಗೆ ಒಂದು ನಮೂನೆ ಇದೆ ಎಂದು ತೆಗೆದುಕೊಟ್ಟರು. ಅದರಲ್ಲಿ ದೋಷದ ಕಾರಣಕ್ಕೆ ಗುರುತು ಹಾಕಬೇಕು. ಅಲ್ಲಿದ್ದದ್ದು ಎರಡೇ ಕಾರಣ: ಕೂಡುವಲ್ಲಿ ತಪ್ಪು, ಅಥವಾ ಶಿಕ್ಷಕರ ನಿರ್ಲಕ್ಷ್ಯ. ಕೂಡುವುದಕ್ಕೆ ಅಂಕಗಳೇ ಇಲ್ಲವಾದ್ದರಿಂದ ಉಳಿದದ್ದು ಒಂದು. ಗುರುತು ಹಾಕಿದರೆ ಟೀಚರ ಸೇವಾ ದಾಖಲೆಯಲ್ಲಿ ಅದು ಕೂತುಬಿಡುತ್ತದೆ. ಹಾಕದಿದ್ದರೆ ಯಾಕಮ್ಮನಿಗೆ ಮಹಡಿಯ ಕೋಣೆಯಿಲ್ಲ. ಕೋಷ್ಟಕದ ದಡ್ಡತನ ಎಂಬ ಕಾರಣಕ್ಕೆ ಆ ಹಾಳೆಯಲ್ಲಿ ಜಾಗ ಬಿಟ್ಟಿರಲಿಲ್ಲ. ಯಾವ ಕಚೇರಿ ತಾನೆ ಬಿಡುತ್ತದೆ? ಕೂಟದ ಪಟ್ಟಿ ಮುಂದಿನ ವಾರ ಅಂತಿಮವಾಗುತ್ತದೆ, ಅಷ್ಟರಲ್ಲಿ ಯೋಚಿಸಿ ಅಂದರು ಮುಖ್ಯೋಪಾಧ್ಯಾಯರು.

ಟೀಚರು ಸಿಟ್ಟಿನಲ್ಲೇ ಮನೆಗೆ ಬಂದರು. ಅವರ ಮನೆ ಗಂಡನ ಕನ್ನಡಕದ ಅಂಗಡಿಯ ಮೇಲೆ, ಎರಡು ಕೋಣೆ, ಒಂದು ಅಡುಗೆಮನೆ. ಕೆಳಗೆ ಗಾಜು ಉಜ್ಜುವ ಯಂತ್ರ ತಿರುಗಿದರೆ ಮೇಲೆ ಲೋಟಗಳು ಸಣ್ಣಗೆ ಮಾತಾಡುತ್ತವೆ. ಈ ಕಥೆ ನನಗೆ ಗೊತ್ತಾದದ್ದು ಆ ಗಂಡನಿಂದಲೇ, ನನ್ನ ಕನ್ನಡಕದ ಕಾಲು ಸರಿಮಾಡುತ್ತಾ ಹೇಳಿದ್ದು. ಆವತ್ತು ಹೆಂಡತಿಯ ಸಮಾಧಾನಕ್ಕೆಂದು ಅವರು ತಮ್ಮ ತತ್ವ ಹೇಳಿದರಂತೆ: ಕಣ್ಣಿನ ಪರೀಕ್ಷೆಯಲ್ಲಿ ಯಾರೂ ಫೇಲ್ ಆಗುವುದಿಲ್ಲ, ಯಾವ ಗಾಜು ಬೇಕು ಅಂತ ಗೊತ್ತಾಗುತ್ತದೆ ಅಷ್ಟೆ, ಶಾಲೆಯೂ ಹಾಗಿರಬೇಕು. “ನಿಮ್ಮ ಕುರ್ಚೀಲಿ ಒಬ್ಬರು ಕೂತ್ಕೋತಾರೆ, ಸುಮ್ನೆ ಕೂತ್ಕೋತಾರೆ,” ಅಂದರು ಟೀಚರು. “ನಲವತ್ತು ಜನ ಒಟ್ಟಿಗೆ ಬಂದು ಒಬ್ಬರ ಕನ್ನಡಕ ಇನ್ನೊಬ್ಬರು ಕಿತ್ಕೊಂಡು ಓಡಿದಾಗ ಹೇಳಿ ತತ್ವಾನ.” ಗಂಡ ಯಂತ್ರದ ಕಡೆ ಹೋದರು.

ಅತ್ತೆ ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಈ ಅತ್ತೆ ಹೆಚ್ಚು ಮಾತಿನವರಲ್ಲ. ಸೊಸೆ ಶಾಲೆಗೆ ಹೋಗುವುದರಿಂದ ಅಡುಗೆ ಅವರದೇ. ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದು ನಿಂತು, ಅಲ್ಲಮ್ಮ, ಆ ಮಾತಿಗೆ ತುಂಬಾ ಚೆನ್ನಾಗಿದೆ ಅಂತ ಅರ್ಥವಾ ಎಂದು ವಿಚಾರಿಸಿದರು. ಹೌದು ಅಂದರು ಸೊಸೆ.

“ನೀನು ಈ ಮನೆಗೆ ಬಂದಾಗಿನಿಂದ ನನ್ನ ಕೈ ಅಡುಗೆಗೆ ಅದನ್ನೇ ತಾನೆ ಹೇಳ್ತಿರೋದು?”

“ಹೂಂ ಅತ್ತೆ. ಅಷ್ಟು ಇಷ್ಟ ನನಗೆ.”

“ಹಾಗಿದ್ರೆ ನಾನು ಇಷ್ಟು ವರ್ಷ ಸುಮ್ಸುಮ್ನೆ ಸಂಕಟ ಪಟ್ಟೆ,” ಅಂದರು ಅತ್ತೆ. “ಏನೋ ಸಹಿಸ್ಕೊಂಡು ತಿಂತಿದ್ದಾಳೆ ಪಾಪ ಅಂತ ಅಂದ್ಕೊಂಡಿದ್ದೆ.”

ಟೀಚರಿಗೆ ನಗು ಬಂತು. ನಗು ಅರ್ಧಕ್ಕೆ ನಿಂತಿತು. ಅಪ್ಪ ಪರವಾಗಿಲ್ಲ ಅಂದಾಗ ರಸ್ತೆಯಾಚೆಯ ಗೋಡೆಗೆ ಒರಗಿ ನಿಂತ ಅವರ ಮುಖವನ್ನು ನೋಡಿದವರಿಗೆ ಅದರ ತೂಕ ಗೊತ್ತಾಗುತ್ತಿತ್ತು. ಕಾಗದದ ಮೇಲೆ ಮುಖ ಇರುವುದಿಲ್ಲ. ಮಾರನೆಯ ದಿನ ತರಗತಿಯಲ್ಲಿ ಆ ಪದಕ್ಕೆ ಏನರ್ಥ ಎಂದು ಕೇಳಿದರು. ಹಳೆಯ ಮಕ್ಕಳೆಲ್ಲ ಒಟ್ಟಿಗೆ ಸೂಪರ್ ಅಂತ ಮೇಡಂ ಅಂದವು. ವರ್ಷದ ನಡುವೆ ಬೇರೆ ಶಾಲೆಯಿಂದ ಬಂದು ಸೇರಿದ್ದ ಒಬ್ಬಳು ಮಾತ್ರ, ಸುಮಾರಾಗಿದೆ ಅಂತ ಎಂದು ಮೆಲ್ಲಗೆ ಹೇಳಿದಳು. ಅದಕ್ಕೇ ಒಂದು ಪತ್ರಿಕೆಯನ್ನೂ ಮನೆಯಲ್ಲಿ ತೋರಿಸಿರಲಿಲ್ಲವಂತೆ. ಟೀಚರು ತನ್ನನ್ನೇ ನೋಡುತ್ತಿದ್ದದ್ದರಿಂದ ಕೊನೆಗೆ ಯಾಕಮ್ಮ ಬಾಯಿಬಿಟ್ಟಳು: ಮೊದಲು ಗೊತ್ತಿತ್ತು, ಅಕ್ಷರ ನೋಡಿದ ಮೇಲೆ, ತಾನೇ ಇಷ್ಟು ದಿನ ತಪ್ಪು ತಿಳಿದುಕೊಂಡಿದ್ದೆ ಅನ್ನಿಸಿತು.

ಆವತ್ತು ಸಂಜೆಯೇ ಟೀಚರು ನಿರ್ಲಕ್ಷ್ಯದ ಮುಂದೆ ಗುರುತು ಹಾಕಿ ಸಹಿ ಮಾಡಿದರು. ನನಗೆ ಇದನ್ನು ಕೇಳಿದಾಗ ಮೈಯೆಲ್ಲ ಉರಿಯಿತು. ತಪ್ಪು ಮಾಡಿದ್ದು ಕೋಷ್ಟಕ, ಹೊತ್ತುಕೊಂಡದ್ದು ಇವರು. ಒಂದು ದಿನ ದಾರಿಯಲ್ಲಿ ಸಿಕ್ಕಾಗ ಅದನ್ನೇ ಹೇಳಿದೆ. ಕೋಷ್ಟಕಕ್ಕೆ ಸೇವಾ ದಾಖಲೆ ಇಲ್ಲವಲ್ಲ ಎಂದು ನಕ್ಕರು. ಒಂದು ಪಾಲು ತಮ್ಮದೂ ಇದೆ, ಬರೆದದ್ದು ಓದುವವರಿಗೆ ತಿಳಿಯದಿದ್ದರೆ ಬರೆದವರು ಅರ್ಧ ಅಂಕ ಕಳೆದುಕೊಳ್ಳಬೇಕು, ಮಕ್ಕಳಿಗೆ ಹಾಗೇ ಮಾಡುವುದಲ್ಲವೇ ಅಂದರು. ನನ್ನ ಸಿಟ್ಟು ನನ್ನಲ್ಲೇ ಉಳಿಯಿತು.

ಆದರೆ ಸಹಿ ಹಾಕಿ ಸುಮ್ಮನಾಗುವವರಲ್ಲ ಅವರು. ತಿದ್ದುಪಡಿಗೆ ಆಧಾರ ಲಗತ್ತಿಸಬೇಕು ಎಂದು ನಮೂನೆಯ ಕೆಳಗೆ ಇತ್ತು. ಭಾನುವಾರ ಮಧ್ಯಾಹ್ನ ಊಟದ ಮೇಜು ಖಾಲಿ ಮಾಡಿಸಿ, ಪತ್ರಿಕೆಗಳ ಕಟ್ಟು ಹರಡಿ, ಇಡೀ ತರಗತಿಯ ಒಬ್ಬೊಬ್ಬರ ಬಗ್ಗೆ ಹೊಸದಾಗಿ ಬರೆದರು. ನಿಯಮ ಒಂದೇ. ಕೋಷ್ಟಕದಲ್ಲಿರುವ ಯಾವ ಮಾತೂ ಬರಬಾರದು. ಮಗು ಏನು ಮಾಡಿದೆ ಎಂಬುದಷ್ಟೇ ಇರಬೇಕು. ‘ಚೆನ್ನಾಗಿ’ ಬರೆಯದೆ ಬರೆಯುವುದು ಅವರಿಗೆ ಉಪ್ಪಿಲ್ಲದೆ ಉಂಡ ಹಾಗಾಯಿತು. ಮೇಜಿನ ಆ ತುದಿಯಲ್ಲಿ ಅತ್ತೆ ಕೂತು ಬರೆದದ್ದನ್ನು ಓದಿಸಿ ಕೇಳುತ್ತಿದ್ದರು. ತಮಗೆ ಅರ್ಥವಾಗದಿದ್ದರೆ ಇನ್ನೊಂದು ಸಲ ಬರೆ ಅನ್ನುತ್ತಿದ್ದರು. ಈ ಅಧಿಕಾರ ಅವರಿಗೆ ಬಹಳ ಹಿಡಿಸಿತಂತೆ. ನಿದ್ದೆಯದನ್ನು ಕೇಳಿದಾಗ, ಈ ಹುಡುಗನಿಗೆ ಮನೆಯಲ್ಲಿ ಮಲಗಲು ಬಿಡುತ್ತಾರೋ ಇಲ್ಲವೋ ಕೇಳು ಅಂದರು. ಅದನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಗೊತ್ತಾಯಿತು, ಅವನ ಕೋಣೆಯಲ್ಲೇ ಹಸುಗೂಸು ತಂಗಿ ಮಲಗುತ್ತಾಳೆ, ಅಥವಾ ಮಲಗುವುದಿಲ್ಲ.

ಸೋಮವಾರ ಆ ಹಾಳೆಗಳನ್ನು ನೋಡಿ ಗುಮಾಸ್ತ ಕಂಗಾಲಾದ. ಒತ್ತಲು ಒಂದು ಪದವೂ ಸಿಗಲಿಲ್ಲ. ಕೋಷ್ಟಕಕ್ಕೆ ಸಿಗದ ಅಭಿಪ್ರಾಯವನ್ನು ಮುಖ್ಯೋಪಾಧ್ಯಾಯರು ಸ್ವತಃ ಓದಿ ಅಕ್ಷರ ನೀಡಬೇಕು ಎಂಬುದು ಅದೇ ಸುತ್ತೋಲೆಯಲ್ಲಿತ್ತು, ಅವನೇ ಹುಡುಕಿ ತೋರಿಸಿದ. ಹೀಗೆ ಮುಖ್ಯೋಪಾಧ್ಯಾಯರ ಕೈಗೆ ಕೊನೆಗೂ ಏನೋ ಬಂತು. ಮೊದಲ ಕೆಲವನ್ನು ಗಡಿಯಾರ ನೋಡುತ್ತಾ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡರು. ಒಬ್ಬ ಹುಡುಗ ನಕ್ಷೆಯಲ್ಲಿ ಅಳೆದ ದೂರವನ್ನು ನಂಬದೆ ಶಾಲೆಯಿಂದ ಮನೆಗೆ ಹೆಜ್ಜೆ ಎಣಿಸಿಕೊಂಡು ಹೋದದ್ದನ್ನು ಓದಿ, ಇವನು ಯಾರು, ನನಗೆ ತೋರಿಸಿ ಅಂದರು. ಟೀ ಆರಿಹೋಯಿತು. ಯಾಕಮ್ಮನ ಹಾಳೆಗೆ ಬಂದಾಗ ಎರಡು ಸಲ ಓದಿ, ಇದಕ್ಕೆ ಸಿ ಕೊಟ್ಟಿದ್ದೆವಾ ಎಂದು ಗುಮಾಸ್ತನನ್ನು ಕೇಳಿದರು. ಅವನು ಗೋಡೆ ನೋಡಿದ. ಎ ಬರೆದು, ಕೂಟದ ಪಟ್ಟಿಗೆ ಅವಳ ಹೆಸರು ಸೇರಿಸಿ ಎಂದರು. ನಿದ್ದೆಯ ಹೆಸರು ತೆಗೆದರು. ಆ ಸುದ್ದಿ ಕೇಳಿ ನಿದ್ದೆ ಟೀಚರಿಗೆ ಬಗ್ಗಿ ನಮಸ್ಕಾರ ಮಾಡಿದನಂತೆ.

ಕೋಷ್ಟಕ ಇನ್ನೂ ಕಚೇರಿಯ ಗೋಡೆಯ ಮೇಲೇ ಇದೆ, ಬೇರೆ ಶಾಲೆಗಳ ಗೋಡೆಗಳ ಮೇಲೂ ಇದೆ. ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿನ ಅಕ್ಷರದ ಹಿಂದೆ ಯಾರಾದರೂ ಏನಾದರೂ ಬರೆದಿದ್ದರಾ ಎಂದು ಹೋಗಿ ಕೇಳಿ. ಬರೆದಿದ್ದರೆ ಕೊಡಿಸಿ ಓದಿ.

ಟೀಚರು ಇನ್ನೊಂದು ಪದ್ಧತಿ ಹಾಕಿಕೊಂಡರು. ಹಾಳೆಗಳು ಕಂಪ್ಯೂಟರಿಗೆ ಹೋಗುವ ಮುಂಚೆ ಆಯಾ ಮಗುವಿಗೆ ತೋರಿಸುವುದು, ಸುಳ್ಳಿದ್ದರೆ ಹೇಳು ಎಂದು. ಯಾಕಮ್ಮನ ಸರದಿ ಬಂದಾಗ ಶಾಲೆ ಬಿಟ್ಟಾಗಿತ್ತು. ಎ ಬಂದ ವಿಷಯ, ಕೂಟಕ್ಕೆ ಸೇರಿದ ವಿಷಯ ಅವಳಿಗೆ ಆಗಲೇ ತಿಳಿದಿತ್ತು. ಮುಖ ಅರಳಿಸಿಕೊಂಡೇ ಬಂದಳು. ಹಾಳೆ ಓದುತ್ತಾ ಓದುತ್ತಾ ಹುಬ್ಬು ಗಂಟು ಹಾಕಿದಳು. ಮೂಲೆ ಕಡಿದ ಕೋಣೆಯ ನೆಲದ ವಿಸ್ತೀರ್ಣ ಕಂಡುಹಿಡಿಯುವ ಲೆಕ್ಕದ ಬಗ್ಗೆ ಟೀಚರು ಬರೆದದ್ದು ಹೀಗಿತ್ತು: ‘ನೆಲವನ್ನು ಎರಡು ಆಯತಗಳಾಗಿ ತುಂಡು ಮಾಡಿ ಉತ್ತರ ಕಂಡಳು. ನಂಬಿಕೆ ಬರದೆ, ಇಡೀ ಆಯತದಿಂದ ಇಲ್ಲದ ಮೂಲೆಯನ್ನು ಕಳೆದು ತಾಳೆ ನೋಡಿದಳು. ಎರಡೂ ಬೇರೆ ಬಂದಾಗ ತನ್ನ ತಪ್ಪನ್ನು ತಾನೇ ಹಿಡಿದಳು.’

“ಇದು ಉಲ್ಟಾ ಆಗಿದೆ ಮೇಡಂ. ನಾನು ಮೊದಲು ಮಾಡಿದ್ದು ಮೂಲೆ ಕಳೆಯೋದು. ತುಂಡು ಮಾಡಿದ್ದು ಆಮೇಲೆ.”

“ಪತ್ರಿಕೇಲಿ ತುಂಡು ಮಾಡಿದ್ದು ಮೇಲಿದೆಯಲ್ಲೇ.”

“ಮೇಲೆ ಜಾಗ ಇತ್ತು, ಅದಕ್ಕೆ ಅಲ್ಲಿ ಬರ್ದೆ. ಯಾವುದು ಮೇಲಿದೆಯೋ ಅದೇ ಮೊದಲು ಅಂತ ಯಾಕೆ ಅಂದ್ಕೊಂಡ್ರಿ?”

ಟೀಚರು ಪತ್ರಿಕೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಮೇಲಿನ ಸಾಲುಗಳು ಸಣ್ಣ ಅಕ್ಷರದಲ್ಲಿ, ಅಂಚಿಗೆ ಒತ್ತಿಕೊಂಡು ಇದ್ದವು, ಆಮೇಲೆ ತುರುಕಿದ ಹಾಗೆ. ಇಬ್ಬರೂ ಮೇಜಿನ ಮೇಲೆ ಬಗ್ಗಿದರು. ಕೋಣೆಗೆ ಬೀಗ ಹಾಕಲು ಬಂದ ಗುಮಾಸ್ತ ಕೀಲಿಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಟೀಚರು ಎರಡು ಸಾಲು ಅಳಿಸಿ, ಹಿಂದುಮುಂದು ಮಾಡಿ ಬರೆದು, ಹಾಳೆಯನ್ನು ಹುಡುಗಿಯ ಕಡೆ ತಿರುಗಿಸಿದರು. ಅವಳು ಓದಿದಳು. ‘ನಂಬಿಕೆ ಬರದೆ’ ಅನ್ನುವುದೂ ಸರಿಯಿಲ್ಲ, ನಂಬಿಕೆ ಇತ್ತು, ಸುಮ್ಮನೆ ನೋಡೋಣ ಅಂತ ಮಾಡಿದ್ದು ಅಂದಳು. ಟೀಚರು ಮತ್ತೆ ರಬ್ಬರ್ ಎತ್ತಿಕೊಂಡರು. ಗುಮಾಸ್ತ ಒಂದು ಕುರ್ಚಿ ಎಳೆದುಕೊಂಡು ಕೂತ.